ಹಳೇ ಸಿಟಿ ವಿಟೆಕ್ ಮಿಸ್ ಹೊಡೀತಿದ್ಯಾ, ಟಿಕ್ ಟಿಕ್ ಅಂತಿದ್ಯಾ? ಟ್ಯಾಪೆಟ್ ಟೈಟ್ ಮಾಡ್ಸೋಕೆ ಮುಂಚೆ ಇದನ್ನ ಓದಿ

ನನ್ನ ಹತ್ರ ಇರೋದು 2001ರ ಹೋಂಡಾ ಸಿಟಿ 1.5 ವಿಟೆಕ್, ಕೆಎ 06 ನಂಬರ್. ನಾಲ್ಕು ಡೋರಿನ ಗಾಡಿನೇ, ಆದ್ರೆ 106 ಬಿಎಚ್‌ಪಿ ಇಂಜಿನ್ನು, ಆ ಪವರ್ ಪೂರ್ತಿ ಬರೋದೇ 6800 ಆರ್‌ಪಿಎಂನಲ್ಲಿ, ಆ ಕಾಲದಲ್ಲಿ ತುಮಕೂರಲ್ಲಿ ಕಾಲೇಜಿಗೆ ಹೋಗ್ತಿದ್ದ ನಮ್ಮಂಥವ್ರಿಗೆ ಸ್ಪೋರ್ಟ್ಸ್ ಕಾರ್ ಅಂದ್ರೆ ಇದೇ ಆಗಿತ್ತು. ಹೋದ ವರ್ಷ ಇದಕ್ಕೆ ಎರಡು ಕಾಯ್ಲೆ ಒಟ್ಟಿಗೆ ಬಂತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಾನೆಟ್ ಒಳಗಿಂದ ಟಿಕ್ ಟಿಕ್ ಸದ್ದು, ಆಮೇಲೆ ದೇವರಾಯನದುರ್ಗ ಬೆಟ್ಟ ಹತ್ತುವಾಗ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ಜರ್ಕ್ ಹೊಡೆಯೋದು. ಒಂದು ಗ್ಯಾರೇಜಲ್ಲಿ ತೋರಿಸ್ದೆ, "ಟ್ಯಾಪೆಟ್ ಸೌಂಡ್ ಸಾರ್" ಅಂತ ಹೇಳಿ ಎಲ್ಲಾ ಟ್ಯಾಪೆಟ್ (ವಾಲ್ವು ಒತ್ತೋ ತುದೀಲಿರೋ ಸ್ಕ್ರೂ) ಟೈಟ್ ಮಾಡಿ ಕೊಟ್ರು. ಸದ್ದು ಸ್ವಲ್ಪ ಕಮ್ಮಿ ಆಯ್ತು, ಆದ್ರೆ ಅವತ್ತಿಂದ ಸಿಗ್ನಲ್ಲಲ್ಲಿ ನಿಂತ್ರೂ ಗಾಡಿ ಗಡಗಡ ನಡುಗೋಕೆ ಶುರು ಆಯ್ತು, ಮೊದ್ಲು ಅದು ಇರ್ಲಿಲ್ಲ. ಇನ್ನೊಂದು ಕಡೆ ಹೋದ್ರೆ "ಹೆಡ್ ಇಳಿಸ್ಲೇಬೇಕು" ಅಂದ್ರು. ಹೆಡ್ ಅಂದ್ರೆ ವಾಲ್ವುಗಳಿರೋ ಇಂಜಿನ್ನಿನ ಮೇಲಿನ ಭಾಗ, ಅಷ್ಟು ದುಡ್ಡು ಹಾಕೋಕೆ ಮುಂಚೆ ನಾನೇ ನೋಡೋಣ ಅಂತ ಎರಡು ಭಾನುವಾರ ಮನೆ ಮುಂದೆ ಕೂತು ಹುಡುಕ್ದೆ. ಸಿಕ್ಕಿದ್ದು ಒಂದಲ್ಲ, ಮೂರು ತೊಂದ್ರೆ, ಮೂರಕ್ಕೂ ಕಾರಣ ಬೇರೆ ಬೇರೆ, ಅದ್ರಲ್ಲಿ ಒಂದನ್ನ ಆ ಟೈಟ್ ಮಾಡಿದ್ದೇ ತಂದಿದ್ದು. ಮಿಸ್ಸಿಂಗ್ (ಯಾವ್ದೋ ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸೋದು) ಬೇರೆ, ಟಿಕ್ ಸದ್ದು ಬೇರೆ ಅಂತ ಇಟ್ಕೊಂಡೇ ಹುಡುಕ್ಬೇಕು, ಕೊನೇಲಿ ಎರಡೂ ಒಂದೇ ಕಡೆ ಹೋಗಿ ಸೇರಿದ್ರೆ ಸೇರ್ಲಿ.

ಮೊದಲ ದಿನ ಸ್ಪ್ಯಾನರ್ ಮುಟ್ಟಲೇಬೇಡಿ, ಬರೀ ಕೇಳಿ. ರಾತ್ರಿಯೆಲ್ಲಾ ನಿಂತಿರೋ ಗಾಡೀನ ಬೆಳಿಗ್ಗೆ ಬಾನೆಟ್ ತೆಗೆದೇ ಸ್ಟಾರ್ಟ್ ಮಾಡಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಹತ್ತು ಹದಿನೈದು ನಿಮಿಷ ಓಡ್ಸಿ ಬಿಸಿ ಆದ್ಮೇಲೆ ಇನ್ನೊಂದ್ ಸಲ ರೆಕಾರ್ಡ್ ಮಾಡಿ. ಎರಡನ್ನೂ ಪಕ್ಕ ಪಕ್ಕ ಕೇಳಿದ್ರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತೆ. ಸದ್ದಿನ ಲಯಾನೂ ಗಮನಿಸಿ. ವಾಲ್ವು ತೆರೆಯೋ ಕ್ಯಾಮ್‌ಶಾಫ್ಟ್ ತಿರುಗೋದು, ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್‌ನ ಅರ್ಧ ಸ್ಪೀಡಲ್ಲಿ, ಹಾಗಾಗಿ ಐಡಲ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡೋ ಸ್ಪೀಡು) 800 ಆರ್‌ಪಿಎಂ ಇದ್ರೆ ಒಂದು ವಾಲ್ವಿನ ಟಿಕ್ ನಿಮಿಷಕ್ಕೆ 400 ಸಲ, ಅಂದ್ರೆ ಸೆಕೆಂಡಿಗೆ ಆರೇಳು ಸಲ ಬರುತ್ತೆ. ಅದರ ಡಬಲ್ ಸ್ಪೀಡಲ್ಲಿ, ಟಿಕ್ ಅನ್ನೋದಕ್ಕಿಂತ ದಪ್ಪಗೆ ಟಕ್ ಟಕ್ ಅಂತ ಕೆಳಗಿನಿಂದ ಬರ್ತಿದ್ದು, ರೇಸ್ ಕೊಟ್ರೆ ಜಾಸ್ತಿ ಆದ್ರೆ ಅದು ಬೇರಿಂಗ್ ಇರಬಹುದು, ಇಂಜಿನ್ ಆಫ್ ಮಾಡಿ, ಗಾಡೀನ ಓಡಿಸ್ಕೊಂಡು ಹೋಗದೆ ಎಳ್ಸಿ ತಗೊಂಡು ಹೋಗಿ.

ಮಿಸ್ಸಿಂಗ್ ಯಾವಾಗ ಬರುತ್ತೆ ಅನ್ನೋದೇ ದೊಡ್ಡ ಸುಳಿವು. ಐಡಲಲ್ಲಿ ನಡುಗಿ ರೇಸ್ ಕೊಟ್ಟ ತಕ್ಷಣ ಸರಿ ಹೋಗ್ತಿದ್ರೆ ಎಲ್ಲೋ ಗಾಳಿ ಲೀಕ್ ಆಗ್ತಿರಬೇಕು, ಇಲ್ಲಾಂದ್ರೆ ಯಾವ್ದೋ ವಾಲ್ವು ಪೂರ್ತಿ ಮುಚ್ತಿಲ್ಲ. ಐಡಲಲ್ಲಿ ಚೆನ್ನಾಗಿದ್ದು ಬೆಟ್ಟದಲ್ಲೋ ಹೈವೇಲಿ ಓವರ್‌ಟೇಕ್ ಮಾಡುವಾಗ್ಲೋ ಮಾತ್ರ ಮಿಸ್ ಹೊಡೆದ್ರೆ ಮೊದಲ ಅನುಮಾನ ಕರೆಂಟ್ ಮೇಲೆ. ಯಾಕಂದ್ರೆ ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಪ್ರೆಶರ್ ಜಾಸ್ತಿ, ಆ ಪ್ರೆಶರಲ್ಲಿ ಪ್ಲಗ್ಗಿನ ಗ್ಯಾಪ್ ದಾಟೋಕೆ ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕು, ಪ್ಲಗ್ಗಿನ ಕೇಬಲ್ಲೋ ಅದರ ತುದಿಯ ರಬ್ಬರ್ ಬೂಟೋ ವೀಕ್ ಆಗಿದ್ರೆ ಕರೆಂಟ್ ಗ್ಯಾಪ್ ಬಿಟ್ಟು ಸುಲಭದ ದಾರಿ ಹಿಡಿದು ಹೆಡ್‌ಗೆ ಹಾರುತ್ತೆ. ಎರಡು ಕಡೇನೂ ಮಿಸ್ ಹೊಡೆದ್ರೆ, ನನ್ನ ಗಾಡೀಲಿ ಆದಂಗೆ, ಕಾರಣಾನೂ ಎರಡು ಇರಬಹುದು ಅನ್ನೋದು ತಲೇಲಿ ಇರ್ಲಿ.

ಆಮೇಲೆ ಯಾವ ಸಿಲಿಂಡರ್ ಅಂತ ಹಿಡೀರಿ. ಹೊಸ ಗಾಡಿ ಆಗಿದ್ರೆ ಸ್ಕ್ಯಾನರ್ ಹಾಕಿ ನೋಡಬಹುದಿತ್ತು, ಆದ್ರೆ ನಮ್ಮ ದೇಶದಲ್ಲಿ ಓಬಿಡಿ (ಗಾಡಿ ತನ್ನ ತೊಂದ್ರೆ ತಾನೇ ದಾಖಲಿಸೋ ವ್ಯವಸ್ಥೆ) ಕಡ್ಡಾಯ ಆಗಿದ್ದೇ 2010ರ ಮೇಲೆ, ಅದಕ್ಕಿಂತ ಹಳೇ ಗಾಡಿಗೆ ಬ್ಲೂಟೂತ್ ಸ್ಕ್ಯಾನರ್ ಡಬ್ಬಿ ನಂಬ್ಕೊಂಡು ಕೂರೋಕಾಗಲ್ಲ. ಐಡಲಲ್ಲಿ ಇಂಜಿನ್ ಓಡ್ತಿರುವಾಗ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸೋ ಭಾಗ) ಕನೆಕ್ಟರ್‌ಗಳನ್ನ ಒಂದೊಂದಾಗಿ ತೆಗೆದು ನೋಡಿ ಮತ್ತೆ ಚುಚ್ಚಿ. ಚೆನ್ನಾಗಿರೋ ಸಿಲಿಂಡರ್‌ದು ತೆಗೆದ್ರೆ ಇಂಜಿನ್ ಕುಗ್ಗುತ್ತೆ, ಯಾವ್ದು ತೆಗೆದ್ರೂ ಏನೂ ವ್ಯತ್ಯಾಸ ಆಗ್ಲಿಲ್ವೋ ಅದೇ ಕೆಟ್ಟಿರೋದು. ಹಳೇ ಕಾಲದ ಥರ ಓಡೋ ಇಂಜಿನ್ನಿಂದ ಪ್ಲಗ್ ಕೇಬಲ್ ಕೀಳೋದು ಮಾತ್ರ ಬೇಡ, ಕೈಗೆ ಶಾಕ್ ಹೊಡಿಯೋದು ಒಂದು ಕಡೆ, ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಭಾಗ) ಒಳಗಿರೋ ಇಗ್ನೈಟರ್ ಸುಟ್ಟೋದ್ರೆ ಆ ಪಾರ್ಟ್ ಹುಡುಕ್ಕೊಂಡು ಬೆಂಗಳೂರು ಜೆಸಿ ರೋಡೆಲ್ಲಾ ಅಲೀಬೇಕು. ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿಂದ ಕ್ಯಾಮ್ ತಿರುಗಿಸೋ ಬೆಲ್ಟು) ಕಡೆಯಿಂದ 1, 2, 3, 4 ಅಂತ ಲೆಕ್ಕ. ನಂದ್ರಲ್ಲಿ ಐಡಲಲ್ಲಿ ಸತ್ತಿದ್ದು 2ನೇದು.

ಈಗ ಇಂಜಿನ್ ಆಫ್ ಮಾಡಿ ಪ್ಲಗ್ ಕೇಬಲ್ ಮೇಲಕ್ಕೆ ಎಳೆದು ಬೂಟಿನ ತುದಿ ನೋಡಿ. ಈ ಇಂಜಿನ್ನಲ್ಲಿ ಪ್ಲಗ್ ಕೂರೋದು ಟ್ಯಾಪೆಟ್ ಕವರ್ ಮಧ್ಯದ ಆಳದ ಕೊಳವೇಲಿ, ಅಲ್ಲಿರೋ ರಬ್ಬರ್ ಸೀಲ್ ವಯಸ್ಸಾಗಿ ಕಲ್ಲಿನಂಗೆ ಗಟ್ಟಿಯಾದ್ರೆ ಆಯಿಲ್ ಒಳಗಿಳಿಯುತ್ತೆ. ನನ್ನ 3ನೇ ಕೊಳವೇಲಿ ಎರಡು ಬೆರಳಷ್ಟು ಆಯಿಲ್ ನಿಂತಿತ್ತು, ಬೂಟು ಉಬ್ಬಿ ಸೀಳು ಬಿಟ್ಟಿತ್ತು, ಪ್ಲಗ್ಗಿನ ಬಿಳೀ ಪಿಂಗಾಣಿ ಮೇಲೆ ಪೆನ್ಸಿಲಲ್ಲಿ ಗೀಚಿದಂಗೆ ಸಣ್ಣ ಕಪ್ಪು ಗೆರೆ. ಕಿಡಿ ಹೊರಗೆ ಹಾರಿರೋ ಗುರುತು ಅದೇ. ಬೆಟ್ಟದಲ್ಲಿ ಜರ್ಕ್ ಹೊಡೀತಿದ್ದಿದ್ದು ಇದ್ರಿಂದ. ಪ್ಲಗ್ ಬಿಚ್ಚೋಕೆ ಮುಂಚೆ ಆ ಆಯಿಲ್ನ ಬಟ್ಟೆ ಸುತ್ತಿದ ಕಡ್ಡೀಲಿ ಪೂರ್ತಿ ಒರೆಸ್ಬೇಕು, ಇಲ್ಲಾಂದ್ರೆ ಆಯಿಲ್ಲು ಕಸ ಎರಡೂ ಸೀದಾ ಸಿಲಿಂಡರ್ ಒಳಗೆ ಹೋಗುತ್ತೆ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೆಟ್ಟು, ನಾಲ್ಕು ಸೀಲು, ಕೇಬಲ್ ಸೆಟ್ಟು ಒಟ್ಟಿಗೆ ಹಾಕಿ, ಸೀಲ್ ಬಿಟ್ಟು ಬರೀ ಕೇಬಲ್ ಹಾಕಿದ್ರೆ ಆರು ತಿಂಗಳಿಗೆ ಅದೇ ಕಥೆ. ಕೇಬಲ್ ಚೆನ್ನಾಗಿದ್ಯಾ ಅಂತ ಮಲ್ಟಿಮೀಟರಲ್ಲಿ ನೋಡಿ, 25 ಕಿಲೋ ಓಮ್ ದಾಟಬಾರ್ದು. ಪ್ಲಗ್ ಗ್ಯಾಪ್ 1.0 ಇಂದ 1.1 ಮಿಲಿಮೀಟರ್. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಆಯಿಲ್ ಇದ್ಯಾ, ಸಣ್ಣ ಬಿರುಕು ಇದ್ಯಾ, ಪಾಯಿಂಟ್‌ಗಳ ಮೇಲೆ ಬಿಳೀ ಪುಡಿ ಕೂತಿದ್ಯಾ ಅಂತಾನೂ ನೋಡಿ. ಕಣ್ಣಿಗೆ ಏನೂ ಕಾಣ್ಲಿಲ್ಲ ಅಂದ್ರೆ ರಾತ್ರಿ ಲೈಟ್ ಆರಿಸಿ, ಇಂಜಿನ್ ಓಡ್ತಿರುವಾಗ ದೂರದಿಂದ ಕೇಬಲ್ ಮೇಲೆ ನೀರಿನ ತುಂತುರು ಸ್ಪ್ರೇ ಮಾಡಿ, ಲೀಕ್ ಇರೋ ಕಡೆ ನೀಲಿ ಕಿಡಿ ಹಾರೋದು ಕಾಣುತ್ತೆ, ಜೊತೆಗೆ ಚಟ್ ಚಟ್ ಅಂತ ಸದ್ದೂ ಬರುತ್ತೆ. ಕೆಲವರ ಗಾಡೀಲಿ ಟಿಕ್ ಸದ್ದು ಅಂತಿರೋದೇ ಇದು.

ಪೆಟ್ರೋಲು, ಗಾಳಿ ಬಗ್ಗೆ ಜಾಸ್ತಿ ಹೇಳಲ್ಲ. ಉದ್ದನೆ ಸ್ಕ್ರೂಡ್ರೈವರ್ ತುದಿ ಇಂಜೆಕ್ಟರ್ ಮೇಲಿಟ್ಟು ಹಿಡಿ ಕಿವಿಗೆ ಒತ್ಕೊಂಡ್ರೆ ನಾಲ್ಕೂ ಒಂದೇ ಥರ ಟಿಕ್ ಅನ್ಬೇಕು, ಅದು ಆರೋಗ್ಯದ ಸದ್ದು, ಗಾಬರಿ ಬೇಡ. ಇನ್‌ಟೇಕ್ ಸುತ್ತ ವ್ಯಾಕ್ಯೂಮ್ ಪೈಪುಗಳು ಒಣಗಿ ಸೀಳಿದ್ಯಾ ಅಂತ ಬಗ್ಗಿಸಿ ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿ ಆದ್ರೆ ಟ್ಯಾಂಕಲ್ಲಿರೋ ಹಳೇ ಪೆಟ್ರೋಲ್ ತೆಗೆದುಬಿಡಿ. ಈಗ ಬಂಕಲ್ಲಿ ಬರ್ತಿರೋದು ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್), ನಮ್ಮ ಗಾಡಿ ಕಾಲದ ರಬ್ಬರ್ ಪೈಪು ಅದಕ್ಕೆ ಅಂತ ಮಾಡಿದ್ದಲ್ಲ, ಹಾಗಾಗಿ ಪೆಟ್ರೋಲ್ ಪೈಪಲ್ಲಿ ಎಲ್ಲಾದ್ರೂ ತೇವ ಇದ್ಯಾ, ವಾಸನೆ ಬರ್ತಿದ್ಯಾ ಅಂತ ನೋಡ್ಲೇಬೇಕು.

ಈಗ ಟಿಕ್ ಸದ್ದು. ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡೋದು ಮೊದಲ ಕೆಲಸ, ಕಮ್ಮಿ ಇದ್ರೆ ಅದೊಂದಕ್ಕೇ ಮೇಲ್ಗಡೆ ಸದ್ದು ಮಾಡುತ್ತೆ. ಸದ್ದು ಮುಚ್ಚೋಕೆ ಅಂತ ದಪ್ಪ ಆಯಿಲ್ ಹಾಕೋರು ಇದ್ದಾರೆ, ದಯವಿಟ್ಟು ಬೇಡ, ವಿಟೆಕ್ (ಸ್ಪೀಡಿಗೆ ತಕ್ಕಂತೆ ವಾಲ್ವು ತೆರೆಯೋದನ್ನ ಬದಲಾಯಿಸೋ ಹೋಂಡಾ ವ್ಯವಸ್ಥೆ) ಕೆಲಸ ಮಾಡೋದೇ ಸಣ್ಣ ಸಣ್ಣ ದಾರೀಲಿ ಹೋಗೋ ಆಯಿಲ್ ಪ್ರೆಶರ್ ಮೇಲೆ, ಮ್ಯಾನ್ಯುಯಲಲ್ಲಿ ಹೇಳಿರೋ ಗ್ರೇಡೇ ಹಾಕಿ. ಆಯಿಲ್ ಸರಿ ಇದ್ರೆ ಬೆಳಗಿನ ರೆಕಾರ್ಡಿಂಗ್ ಮತ್ತೆ ಕೇಳಿ. ತಣ್ಣಗಿದ್ದಾಗ ಜೋರಾಗಿದ್ದು ಬಿಸಿ ಆಗ್ತಾ ಆಗ್ತಾ ಕರಗಿ ಹೋಗೋ ಟಿಕ್ಕು ಬಹಳ ಸಲ ಟ್ಯಾಪೆಟ್ ಆಗಿರಲ್ಲ, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿಂದ ಹೊಗೆ ಹೊರಗೆ ಒಯ್ಯೋ ಕೊಳವೆ) ಲೀಕ್ ಆಗಿರುತ್ತೆ. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಮುಚ್ಕೊಳ್ಳುತ್ತೆ, ಸದ್ದು ನಿಲ್ಲುತ್ತೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕಡೆ ಇರೋ ಹೀಟ್ ಶೀಲ್ಡ್ ಬಿಚ್ಚಿ ಗ್ಯಾಸ್ಕೆಟ್ ಅಂಚು ಟಾರ್ಚಲ್ಲಿ ನೋಡಿ, ಮಸಿ ಹಿಡಿದಿದ್ರೆ ಲೀಕ್ ಅಲ್ಲೇ. ನಂದ್ರಲ್ಲಿ ಮ್ಯಾನಿಫೋಲ್ಡ್ ಹಿಡಿದಿಡೋ ಒಂದು ಸ್ಟಡ್ (ಬೋಲ್ಟಿನಂಥ ಕಡ್ಡಿ) ಮುರಿದು ನಟ್ಟೇ ಇರ್ಲಿಲ್ಲ, ಸುತ್ತ ಕಪ್ಪಗೆ ಮಸಿ. ಅಂದ್ರೆ ಮೊದಲ ದಿನದಿಂದ ಟಿಕ್ ಅಂತಿದ್ದಿದ್ದು ಇದು, ಟ್ಯಾಪೆಟ್ ಅಲ್ಲವೇ ಅಲ್ಲ! ಪ್ಲಗ್ ಲೂಸ್ ಇದ್ರೂ ಇದೇ ಥರ ಪುಸ್ ಟಿಕ್ ಅನ್ನುತ್ತೆ, ಜೊತೆಗೆ ಮಿಸ್ಸೂ ಹೊಡೆಯುತ್ತೆ, ಪ್ಲಗ್ ಟೈಟ್ 18 ನ್ಯೂಟನ್ ಮೀಟರ್.

ಟ್ಯಾಪೆಟ್ ವಿಷಯ ಸ್ವಲ್ಪ ನಿಧಾನವಾಗಿ ಓದಿ, ಇಲ್ಲಿ ತಪ್ಪಾದ್ರೆ ಇಂಜಿನ್ನೇ ಹೋಗುತ್ತೆ. ವಾಲ್ವನ್ನ ಒತ್ತೋ ರಾಕರ್‌ಗೂ ವಾಲ್ವಿಗೂ ಮಧ್ಯ ಸಣ್ಣ ಸಂದು ಇರ್ಲೇಬೇಕು. ಸಂದು ಜಾಸ್ತಿ ಇದ್ರೆ ಸದ್ದು ಬರುತ್ತೆ, ಸವೆತ ಇದ್ರೂ ತಕ್ಷಣಕ್ಕೆ ಅಪಾಯ ಇಲ್ಲ. ಸಂದು ಇಲ್ದಂಗೆ ಟೈಟ್ ಮಾಡಿದ್ರೆ ಸದ್ದೇ ಇರಲ್ಲ, ಕಿವಿಗೆ ಹಿತವಾಗಿರುತ್ತೆ, ಆದ್ರೆ ಬಿಸಿಗೆ ವಾಲ್ವು ಉದ್ದ ಆದಾಗ ಸೀಟಿನ ಮೇಲೆ ಪೂರ್ತಿ ಕೂರಲ್ಲ. ಎಕ್ಸಾಸ್ಟ್ ವಾಲ್ವು ತನ್ನ ಬಿಸೀನ ಬಿಟ್ಟುಕೊಡೋದೇ ಸೀಟಿಗೆ ತಾಗಿ ಕೂತಾಗ, ಕೂರೋಕೆ ಬಿಡ್ಲಿಲ್ಲ ಅಂದ್ರೆ ಅಂಚು ಸುಟ್ಟು ಹೋಗುತ್ತೆ. ಎಲ್‌ಪಿಜಿ ಹಾಕ್ಸಿ ಓಡ್ಸಿರೋ ಗಾಡಿ ಆದ್ರೆ ಸೀಟು ಸವೆದು ವಾಲ್ವು ಮೇಲಕ್ಕೆ ಬಂದು ಯಾರೂ ಮುಟ್ದೇನೂ ಟೈಟ್ ಆಗ್ತಿರುತ್ತೆ, ಅಂಥೋರು ಇನ್ನೂ ಬೇಗ ಬೇಗ ಚೆಕ್ ಮಾಡ್ಬೇಕು.

ಸಂದು ಅಳೆಯೋದು ಇಂಜಿನ್ 38 ಡಿಗ್ರಿಗಿಂತ ತಣ್ಣಗಿರುವಾಗ, ಬೆಳಿಗ್ಗೆ ಎದ್ದ ತಕ್ಷಣ ಕೂರೋದು ಒಳ್ಳೇದು. ನಾಲ್ಕೂ ಪ್ಲಗ್ ತೆಗೆದುಬಿಟ್ರೆ ಕ್ರ್ಯಾಂಕ್ ಹಗುರಾಗಿ ತಿರುಗುತ್ತೆ. ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ ಪುಲ್ಲಿ ಕಡೆಯಿಂದ ನೋಡಿದಂಗೆ ಗಡಿಯಾರಕ್ಕೆ ಉಲ್ಟಾ ತಿರುಗಿಸ್ಬೇಕು, ಈ ಇಂಜಿನ್ ಓಡೋದೇ ಆ ಕಡೆ. ಕ್ಯಾಮ್ ಪುಲ್ಲಿ ಮೇಲಿನ "ಅಪ್" ಗುರುತು ನೆಟ್ಟಗೆ ಮೇಲೆ ಬಂದಾಗ 1ನೇ ಸಿಲಿಂಡರಿನ ನಾಲ್ಕು ವಾಲ್ವು ನೋಡಿ, ಆಮೇಲೆ ಕ್ರ್ಯಾಂಕ್ ಅರ್ಧ ಸುತ್ತು ತಿರುಗ್ಸಿ 3, ಇನ್ನರ್ಧ ಸುತ್ತಿಗೆ 4, ಇನ್ನರ್ಧಕ್ಕೆ 2. ಇನ್‌ಟೇಕ್ 0.18 ಇಂದ 0.22 ಮಿಲಿಮೀಟರ್, ಎಕ್ಸಾಸ್ಟ್ 0.23 ಇಂದ 0.27. ಫೀಲರ್ ಗೇಜ್ (ಸಂದು ಅಳೆಯೋ ತೆಳು ಲೋಹದ ಪಟ್ಟಿ) ತೂರ್ಸಿ ಎಳೆದ್ರೆ ಬೆಣ್ಣೆ ಸವರಿದಂಗೆ ಸಣ್ಣ ಹಿಡಿತ ಸಿಗ್ಬೇಕು. ಲಾಕ್‌ನಟ್ 20 ನ್ಯೂಟನ್ ಮೀಟರಿಗೆ ಟೈಟ್ ಮಾಡಿ, ಮಾಡುವಾಗ ಸ್ಕ್ರೂನೂ ತಿರುಗಿರುತ್ತೆ, ಅದಕ್ಕೆ ಮತ್ತೆ ಅಳೀಲೇಬೇಕು. ಬೇರೆ ಗಾಡಿ ಆದ್ರೆ ಅದರ ಮ್ಯಾನ್ಯುಯಲ್ ಲೆಕ್ಕ ಹಿಡೀರಿ, ಆಯಿಲ್ ಪ್ರೆಶರಲ್ಲಿ ಸಂದು ತಾನೇ ಸರಿ ಮಾಡ್ಕೊಳ್ಳೋ ಹೈಡ್ರಾಲಿಕ್ ಟ್ಯಾಪೆಟ್ ಇದ್ರೆ ಅಳೆಯೋ ಕೆಲ್ಸಾನೇ ಇಲ್ಲ.

ನನ್ನ 2ನೇ ಸಿಲಿಂಡರಿನ ಒಂದು ಎಕ್ಸಾಸ್ಟ್ ವಾಲ್ವಿಗೆ 0.10 ಗೇಜ್ ಕೂಡ ತೂರ್ಲಿಲ್ಲ. ಟ್ಯಾಪೆಟ್ ಮುಟ್ಟೋಕೆ ಮುಂಚೇನೇ ಬಿಸಿ ಇಂಜಿನ್ನಲ್ಲಿ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತುತ್ತೆ ಅನ್ನೋದು) ನೋಡಿಟ್ಕೊಂಡಿದ್ದೆ, ಮೂರು ಸಿಲಿಂಡರ್ 170 ಪಿಎಸ್‌ಐ ಆಸುಪಾಸು, 2ನೇದು 110. ಈ ಇಂಜಿನ್ನಿಗೆ 135 ಪಿಎಸ್‌ಐಗಿಂತ ಕಮ್ಮಿ ಇರಬಾರ್ದು, ಒಂದಕ್ಕೊಂದು ವ್ಯತ್ಯಾಸ 28 ದಾಟಬಾರ್ದು. ಟೆಸ್ಟ್ ಮಾಡುವಾಗ ಎಲ್ಲಾ ಪ್ಲಗ್ ಹೊರಗಿರ್ಲಿ, ಇಂಜೆಕ್ಟರ್, ಡಿಸ್ಟ್ರಿಬ್ಯೂಟರ್ ಕನೆಕ್ಟರ್ ತೆಗೆದಿರ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರ್ಲಿ. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದ್ರೆ ಪಿಸ್ಟನ್ ರಿಂಗ್, ಏರ್ಲಿಲ್ಲ ಅಂದ್ರೆ ವಾಲ್ವೋ ಹೆಡ್ ಗ್ಯಾಸ್ಕೆಟ್ಟೋ. ನಂದು ಏರ್ಲಿಲ್ಲ. ಸಂದು ಸರಿ ಮಾಡಿ ಎರಡು ದಿನ ಓಡ್ಸಿ ಮತ್ತೆ ನೋಡಿದ್ರೆ 160ಕ್ಕೆ ಬಂದಿತ್ತು, ಅಂದ್ರೆ ವಾಲ್ವು ಇನ್ನೂ ಸುಟ್ಟಿರ್ಲಿಲ್ಲ. ಹೆಡ್ ಇಳಿಸೋ ಮಾತು ಅಲ್ಲಿಗೆ ಮುಗೀತು. ಟ್ಯಾಪೆಟ್ ಕವರ್ ತೆಗೆದಿರುವಾಗ್ಲೇ ಟೈಮಿಂಗ್ ಬೆಲ್ಟೂ ನೋಡಿ, ಯಾವಾಗ ಹಾಕಿದ್ದು ಅಂತ ಗೊತ್ತಿಲ್ದಿದ್ರೆ ಬದಲಾಯಿಸ್ಬಿಡಿ, ಅದು ಕಿತ್ರೆ ಪಿಸ್ಟನ್ನು ವಾಲ್ವಿಗೆ ಹೊಡೆಯುತ್ತೆ.

ಮುರಿದ ಸ್ಟಡ್ ಒಂದನ್ನ ಮಾತ್ರ ನಾನು ಮುಟ್ಲಿಲ್ಲ. ಅಲ್ಯೂಮಿನಿಯಂ ಹೆಡ್ಡು, ಡ್ರಿಲ್ ಓರೆ ಹೋದ್ರೆ ಥ್ರೆಡ್ ಪೂರ್ತಿ ಹಾಳು. ಮೂರು ದಿನ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಅಂತರಸನಹಳ್ಳಿ ಕಡೆ ಒಬ್ಬ ವೆಲ್ಡಿಂಗ್ ಅಣ್ಣನ ಹತ್ರ ತಗೊಂಡು ಹೋದೆ, ಅವ್ರು ಮುರಿದ ತುದಿಗೆ ನಟ್ ಇಟ್ಟು ವೆಲ್ಡ್ ಮಾಡಿ, ಅದು ಕೆಂಪಗಿದ್ದು ಸ್ವಲ್ಪ ಆರಿದ್ಮೇಲೆ ನಿಧಾನಕ್ಕೆ ಹಿಂದೆ ಮುಂದೆ ಆಡ್ಸಿ ಬಿಚ್ಚಿದ್ರು. ಹೊಸ ಸ್ಟಡ್ಡು, ಹೊಸ ಗ್ಯಾಸ್ಕೆಟ್ಟು ಹಾಕಿ ನಟ್‌ಗಳನ್ನ ಮಧ್ಯದಿಂದ ಹೊರಗೆ ಒಂದೊಂದಾಗಿ ಟೈಟ್ ಮಾಡಿದ್ವಿ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಹತ್ರ ಕಿವಿ ಇಟ್ಟೆ, ಇಂಜೆಕ್ಟರ್ ಸದ್ದು ಬಿಟ್ರೆ ಏನಿಲ್ಲ. ಅಲ್ಲಿಂದ ಸೀದಾ ನಾಮದ ಚಿಲುಮೆ ದಾಟಿ ದುರ್ಗದ ಏರಿಗೆ ಹೋಗಿ, ಮೊದ್ಲು ಜರ್ಕ್ ಹೊಡೀತಿದ್ದ ಅದೇ ತಿರುವಲ್ಲಿ ಮೂರನೇ ಗೇರಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ದೆ, ಒಂದು ಸಲಾನೂ ತಡವರಿಸ್ದೆ ಎಳ್ಕೊಂಡು ಹೋಯ್ತು.