ಸುಣ್ಣ ಅರಳುವಾಗ ಎಷ್ಟು ಶಾಖ? ಲೆಕ್ಕ ಹಾಕುವುದು ಹೀಗೆ

ದೀಪಾವಳಿ ಹತ್ತಿರ ಬಂತೆಂದರೆ ಗದಗ, ಹುಬ್ಬಳ್ಳಿ ಕಡೆಯ ಹಳ್ಳಿಗಳಲ್ಲಿ ಗೋಡೆಗೆ ಬಳಿಯಲು ಸುಣ್ಣದ ಹರಳು ನೆನೆಹಾಕುತ್ತಾರೆ. ನೀರು ಬಿದ್ದ ಸ್ವಲ್ಪ ಹೊತ್ತಿಗೆ ಹರಳು ಚಟಚಟ ಸೀಳಿ, ಆವಿ ಎದ್ದು, ಕೊತಕೊತ ಕುದಿಯುತ್ತದೆ. ಒಲೆಯಿಲ್ಲದೆ ಬಂದ ಈ ಶಾಖ ಎಷ್ಟೆಂದು ಪಿಯುಸಿ ಮಕ್ಕಳನ್ನು ಕೇಳಿ. ಸೂತ್ರ ಬಾಯಿಪಾಠ, ಉತ್ತರ ತಪ್ಪು. ಎಡವುವುದು ಕಳೆಯುವಾಗ.

ಮೊದಲು ಸಮೀಕರಣ ಸರಿದೂಗಿಸಿ: ಸುಟ್ಟ ಸುಣ್ಣ (ಅದೇ ಹರಳು) ಒಂದು ಮೋಲ್ (ಕಣಗಳನ್ನು ಎಣಿಸುವ ರಸಾಯನಶಾಸ್ತ್ರದ ಅಳತೆ), ನೀರು ಒಂದು ಮೋಲ್, ಅರಳಿದ ಸುಣ್ಣ ಒಂದು ಮೋಲ್.

ಬಳಿಕ ಕೋಷ್ಟಕ ನೋಡಿ ಉತ್ಪತ್ತಿ ಎಂಥಾಲ್ಪಿಗಳನ್ನು, ಅಂದರೆ ಮೂಲಧಾತುಗಳಿಂದ ಒಂದು ಮೋಲ್ ವಸ್ತು ಆಗುವಾಗಿನ ಶಾಖದ ಬದಲಾವಣೆಯನ್ನು, ಬರೆದುಕೊಳ್ಳಿ. ಮೋಲ್‌ಗೆ ಇಷ್ಟು ಕಿಲೋಜೂಲ್ ಎಂಬ ಲೆಕ್ಕದಲ್ಲಿ ಸುಟ್ಟ ಸುಣ್ಣಕ್ಕೆ −635.1, ನೀರಿಗೆ −285.8, ಅರಳಿದ ಸುಣ್ಣಕ್ಕೆ −986.1. ನೀರಿನದು ದ್ರವದ ಬೆಲೆ, ಆವಿಯಾದರೆ −241.8. ಯಾವುದರ ಬೆಲೆ ಎಂದು ನಮೂದಿಸದೆ ಬರೀ ‘ನೀರು’ ಎಂದು ಅಚ್ಚು ಹಾಕಿದ ಗೈಡನ್ನು ಕೊಳ್ಳಲೇಬೇಡಿ.

ಇನ್ನು ಕಳೆಯುವುದು. ಉತ್ಪನ್ನಗಳ (ಇಲ್ಲಿ ಅರಳಿದ ಸುಣ್ಣ) ಮೊತ್ತದಿಂದ ಪ್ರತಿವರ್ತಕಗಳ (ಸುಟ್ಟ ಸುಣ್ಣ ಮತ್ತು ನೀರು) ಮೊತ್ತ ಕಳೆಯಬೇಕು. ಎರಡೂ ಮೊತ್ತಗಳನ್ನು ಬೇರೆ ಬೇರೆ ಸಾಲಿನಲ್ಲಿ ಪೂರ್ತಿ ಮುಗಿಸಿ, ಮೈನಸ್ ಸಮೇತ ಕಂಸದೊಳಗೆ ಇಡಿ. ಆಮೇಲಷ್ಟೇ ನಡುವಿನ ಮೈನಸ್ ಹಾಕಿ:

(−986.1) − (−920.9) = −986.1 + 920.9 = −65.2

ಕಂಸ ಬಿಟ್ಟವರಿಗೆ −1907 ಬರುತ್ತದೆ, ಇದ್ದದ್ದರ 29 ಪಟ್ಟು! ಹಿಂದುಮುಂದು ಕಳೆದವರಿಗೆ +65.2 ಬರುತ್ತದೆ, ಕುದಿಯುತ್ತಿರುವ ಸುಣ್ಣ ಶಾಖ ಹೀರಿಕೊಳ್ಳುತ್ತದೆ ಎಂದು ಬರೆದು ಬರುತ್ತಾರೆ. ಮೈನಸ್‌ಗಳನ್ನೆಲ್ಲ ಕೈಬಿಟ್ಟು ಕೊನೆಗೆ ಚಿಹ್ನೆ ಹಾಕಿಕೊಳ್ಳುವ ಒಂದು ಅಡ್ಡದಾರಿಯೂ ಇದೆ. ಅದನ್ನು ಕಲಿಯಬೇಡಿ. ವೆಲ್ಡಿಂಗ್ ಅಂಗಡಿಯ ಅಸಿಟಿಲೀನಿನ ಉತ್ಪತ್ತಿ ಎಂಥಾಲ್ಪಿ ಸುಮಾರು +227. ಪ್ಲಸ್ ಇರುವ ಇಂಥದ್ದು ಒಂದು ಬಂದರೂ ಆ ದಾರಿ ಕೈಕೊಡುತ್ತದೆ.

ಮೈನಸ್ ಬಂದರೆ ಶಾಖ ಹೊರಬಿತ್ತು, ಪ್ಲಸ್ ಬಂದರೆ ಒಳಹೋಯಿತು. ಭಟ್ಟಿಯಲ್ಲಿ ಸುಣ್ಣದಕಲ್ಲು ಸುಡುವುದಕ್ಕೂ ಇದೇ ಲೆಕ್ಕ: (−635.1 − 393.5) − (−1206.9) = +178.3. ಇಲ್ಲಿ −393.5 ಹೊರಬರುವ ಇಂಗಾಲದ ಡೈಆಕ್ಸೈಡಿನದು, −1206.9 ಸುಣ್ಣದಕಲ್ಲಿನದು. ಭಟ್ಟಿಗೆ ಉರಿ ಕೊಡುತ್ತಲೇ ಇರಬೇಕಾದದ್ದು ಇದಕ್ಕೇ.

ಪ್ರಶ್ನೆಯಲ್ಲಿ ಬಂಧಶಕ್ತಿ (ಪರಮಾಣುಗಳ ನಡುವಿನ ಬಂಧ ಒಡೆಯಲು ಬೇಕಾದ ಶಕ್ತಿ) ಕೊಟ್ಟಿದ್ದರೆ ಕ್ರಮ ಉಲ್ಟಾ: ಒಡೆದ ಬಂಧಗಳ ಮೊತ್ತದಿಂದ ಹೊಸದಾಗಿ ಆದ ಬಂಧಗಳ ಮೊತ್ತ ಕಳೆಯಿರಿ.

ಕೊನೆಗೆ ಕಿಲೋ ಲೆಕ್ಕ. ಸುಟ್ಟ ಸುಣ್ಣದ ಒಂದು ಮೋಲ್ 56 ಗ್ರಾಂ. ಕಿಲೋಗೆ 17.86 ಮೋಲ್, 65.2ರಿಂದ ಗುಣಿಸಿದರೆ ಸುಮಾರು 1164 ಕಿಲೋಜೂಲ್. ಒಂದು ಲೀಟರ್ ನೀರನ್ನು 27 ಡಿಗ್ರಿಯಿಂದ ಕುದಿಗೆ ತರಲು ಸುಮಾರು 305 ಸಾಕು. ಅಂದರೆ ಒಂದು ಕಿಲೋ ಹರಳಿನೊಳಗೆ ಮೂರೂವರೆ ಲೀಟರಿಗೂ ಹೆಚ್ಚು ನೀರನ್ನು ಕುದಿಸುವ ಶಾಖ ಅಡಗಿದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಅಲ್ಯುಮಿನಿಯಂ ಪಾತ್ರೆಯನ್ನು ಸುಣ್ಣವೇ ತಿಂದುಹಾಕುತ್ತದೆ. ಕಬ್ಬಿಣದ ಬ್ಯಾರಲ್ ಇಡಿ, ಕಣ್ಣು ಜೋಪಾನ, ಮಕ್ಕಳನ್ನು ದೂರ ನಿಲ್ಲಿಸಿ. ಪಾಕೀಟಿನ ಪುಡಿ ಸುಣ್ಣ ಸಾಮಾನ್ಯವಾಗಿ ಆಗಲೇ ಅರಳಿದ್ದು. ಅದಕ್ಕೆ ಎಷ್ಟು ನೀರು ಸುರಿದರೂ ಬಿಸಿಯಾಗದು, ಈ ಲೆಕ್ಕವೂ ಅದಕ್ಕೆ ಹೊಂದದು.