ಕಳೆದುಹೋದ ಕೀಯನ್ನು ಕಾರಿಗೆ ಮರೆಸಿದ್ದು

ನನ್ನ ಕಾರಿಗೆ ಇದ್ದದ್ದು ಒಂದೇ ಕೀ. ಸೆಕೆಂಡ್ ಹ್ಯಾಂಡ್ ಕೊಂಡಾಗ ಹಳೆಯ ಮಾಲೀಕರು ಒಂದನ್ನೇ ಕೊಟ್ಟಿದ್ದರು. ಇನ್ನೊಂದು ಮಾಡಿಸಬೇಕು ಅಂದುಕೊಳ್ಳುತ್ತಲೇ ಮೂರು ವರ್ಷ ಕಳೆದೆ. ಒಂದು ಸಂಜೆ ವಾಕಿಂಗ್ ಮುಗಿಸಿ ಬಂದು ಜಾಕೆಟ್ ಜೇಬಿಗೆ ಕೈ ಹಾಕಿದರೆ ಕೀ ಇಲ್ಲ. ಮೊಬೈಲ್ ಟಾರ್ಚ್ ಹಿಡಿದು ನಡೆದ ದಾರಿಯಲ್ಲೇ ಎರಡು ಸಲ ಹುಡುಕಿದೆ. ಸಿಗಲಿಲ್ಲ.

ಕೀ ಅಂದರೆ ಲೋಹದ ತುಂಡು, ಹಲ್ಲು ಸರಿಯಾಗಿ ಕತ್ತರಿಸಿದರೆ ಮುಗಿಯಿತು ಅಂತಲೇ ನಾನು ನಂಬಿದ್ದೆ. ಮನೆಗೆ ಬಂದು ಕಾರಿನ ಕಾಗದಪತ್ರದ ಕವರ್ ಸುರಿದೆ. ತಳದಲ್ಲಿ ಬೆರಳುದ್ದದ ಒಂದು ಲೋಹದ ಬಿಲ್ಲೆ ಸಿಕ್ಕಿತು. ಅದರ ಮೇಲೆ ಒಂದು ನಂಬರ್ ಕೊರೆದಿತ್ತು. ಇಷ್ಟು ವರ್ಷ ಅದನ್ನು ನೋಡಿದ್ದೆ, ಏನು ಅಂತ ಯೋಚಿಸಿರಲಿಲ್ಲ.

ಮರುದಿನ ಕೀ ಮಾಡುವವರು ಅದನ್ನು ನೋಡಿ ಖುಷಿಪಟ್ಟರು. ಅದೇ ಕೀ ಕೋಡ್. ಯಾವ ಹಲ್ಲು ಎಷ್ಟು ಆಳ ಅನ್ನುವುದೆಲ್ಲ ಆ ನಂಬರಿನಿಂದ ಗೊತ್ತಾಗುತ್ತದೆ. ಹಳೆಯ ಕೀ ನೋಡಿ ನಕಲು ತೆಗೆದರೆ ಅದರ ಸವೆತವೂ ನಕಲಾಗುತ್ತದೆ. ಕೋಡ್‌ನಿಂದ ಕತ್ತರಿಸಿದರೆ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಬರುತ್ತದೆ. ನಿಮ್ಮ ಹತ್ತಿರ ಆ ಬಿಲ್ಲೆ ಇದ್ದರೆ ಇವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ಲೆಯನ್ನು ಮಾತ್ರ ಕಾರಿನೊಳಗೆ ಇಡಬೇಡಿ.

ಕೀ ಕತ್ತರಿಸುವ ಮೊದಲು ಅವರು ಗಾಡಿಯ ದಾಖಲೆ ಮತ್ತು ನನ್ನ ಗುರುತಿನ ಚೀಟಿ ಕೇಳಿದರು. ನನಗೆ ಅದು ತುಂಬಾ ಹಿಡಿಸಿತು. ಏನೂ ಕೇಳದೆ ಮಾಡಿಕೊಡುವವರು ಕಳ್ಳನಿಗೂ ಹಾಗೇ ಮಾಡಿಕೊಡುತ್ತಾರೆ ಅಲ್ವಾ?

"ಸರ್, ಇದರಲ್ಲಿ ಬಾಗಿಲು ತೆಗೆಯುತ್ತೆ. ಇಂಜಿನ್ ಓಡಲ್ಲ. ಗಾಡಿಗೆ ಈ ಕೀ ಪರಿಚಯ ಇಲ್ಲ," ಅಂದರು.

ಆದರೂ ತಿರುಗಿಸಿ ನೋಡಿದೆ. ಸ್ಟೀರಿಂಗ್ ಲಾಕ್ ಬಿಟ್ಟಿತು. ಇಂಜಿನ್ ಸ್ಟಾರ್ಟ್ ಆಯಿತು. ಎಣಿಸಿ ಎರಡು ಸೆಕೆಂಡ್, ಆಫ್. ಮೀಟರ್ ಪಕ್ಕದಲ್ಲಿ ಕೀ ಚಿತ್ರದ ಸಣ್ಣ ದೀಪ ಪಟಪಟ ಮಿನುಗುತ್ತಿತ್ತು. ಇನ್ನೊಂದು ಸಲ ತಿರುಗಿಸಿದೆ. ಮತ್ತೆ ಅದೇ.

ಇದನ್ನೇ ಇಮೊಬಿಲೈಸರ್ ಅನ್ನುತ್ತಾರೆ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಕಿರುಬೆರಳ ಉಗುರಿನಷ್ಟು ಒಂದು ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಲಾಕ್ ಸುತ್ತ ತಾಮ್ರದ ತಂತಿಯ ಒಂದು ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಆ ಸುರುಳಿಯ ಅಲೆಗಳಿಂದಲೇ ಚಿಪ್‌ಗೆ ಬೇಕಾದಷ್ಟು ವಿದ್ಯುತ್ ಸಿಗುತ್ತದೆ. ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಅಲೆ, ಕೆಲವು ಸೆಂಟಿಮೀಟರ್ ಮಾತ್ರ ತಲುಪುತ್ತದೆ. ಹಳೆಯ ಚಿಪ್‌ಗಳು ಬರೀ ಒಂದು ನಂಬರ್ ಹೇಳಿ ಸುಮ್ಮನಾಗುತ್ತಿದ್ದವು. ಆಮೇಲಿನವು ಹಾಗಲ್ಲ. ಕಾರು ಪ್ರತಿ ಸಲ ಒಂದು ಹೊಸ ಸಂಖ್ಯೆ ಕಳಿಸುತ್ತದೆ. ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆಯನ್ನು ಅದಕ್ಕೆ ಸೇರಿಸಿ ಲೆಕ್ಕ ಮಾಡಿ ಉತ್ತರ ಕಳಿಸುತ್ತದೆ. ಕಾರೂ ಅದೇ ಲೆಕ್ಕ ಮಾಡಿರುತ್ತದೆ. ಎರಡೂ ತಾಳೆಯಾದರೆ ಇಂಧನ ಮತ್ತು ಕಿಡಿ ಮುಂದುವರಿಯುತ್ತವೆ, ಇಲ್ಲದಿದ್ದರೆ ನಿಂತುಹೋಗುತ್ತವೆ. ಗುಟ್ಟು ಮಾತ್ರ ಕೀಯಿಂದ ಹೊರಗೆ ಬರುವುದೇ ಇಲ್ಲ. ಈ ಒಂದು ವಿಷಯ ತಿಳಿದಾಗ ನನಗೆ ನಿಜಕ್ಕೂ ಬೆರಗಾಯಿತು.

ಈ ಯೋಚನೆಯ ಮೊದಲ ರೂಪ ಬಂದದ್ದು 1986ರ ಷೆವ್ರೊಲೆ ಕಾರ್ವೆಟ್‌ನಲ್ಲಿ. ಅದರ ಕೀಯಲ್ಲಿ ವಿದ್ಯುತ್ ಹರಿವನ್ನು ತಡೆಯುವ ಒಂದು ಸಣ್ಣ ರೆಸಿಸ್ಟರ್ ಇತ್ತು, ತಡೆಯುವ ಪ್ರಮಾಣದಲ್ಲಿ ಒಟ್ಟು 15 ಬಗೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾಯಿತು.

ಈಗ ಮುಖ್ಯ ಕೆಲಸ. ಹೊಸ ಚಿಪ್ ಕೀಗಳನ್ನು ಕಾರಿಗೆ ಪರಿಚಯ ಮಾಡಿಸಬೇಕು. ಒಂದು ಕೀ ಕೈಯಲ್ಲಿದ್ದರೆ ಇದು ಎಷ್ಟೋ ಸುಲಭ, ಕೆಲವು ಕಾರುಗಳಲ್ಲಿ ಎರಡು ಕೀ ಇದ್ದರೆ ಮೂರನೆಯದನ್ನು ಮಾಲೀಕರೇ ಸೇರಿಸಿಕೊಳ್ಳಬಹುದು. ಒಂದೂ ಇಲ್ಲದಿದ್ದರೆ ದೊಡ್ಡ ಕೆಲಸ. ಚಾಸಿಸ್ ನಂಬರ್ ಕೊಟ್ಟು ಸೆಕ್ಯುರಿಟಿ ಕೋಡ್ ತರಿಸಿಕೊಳ್ಳುವುದಕ್ಕೇ ಎರಡು ದಿನ ಹಿಡಿಯಿತು.

ಅವರು ಮೊದಲು ಕಾರಿನ ಬ್ಯಾಟರಿಗೆ ಚಾರ್ಜರ್ ಹಾಕಿದರು. ಕೆಲಸದ ಮಧ್ಯೆ ವೋಲ್ಟೇಜ್ ಬಿದ್ದರೆ ಕಾರಿನ ಕಂಪ್ಯೂಟರ್ರೇ ಕೆಡಬಹುದು. ಆಮೇಲೆ ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ತಮ್ಮ ಯಂತ್ರ ಜೋಡಿಸಿ ಕೋಡ್ ಒತ್ತಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪರದೆ ಮೇಲೆ ಬಂತು: ನೋಂದಾಯಿತ ಕೀಗಳು, 1.

ಆ ಒಂದು ಅಂದರೆ ನನ್ನ ಕಳೆದ ಕೀ. ಅದು ಯಾರ ಕೈಯಲ್ಲಿದೆಯೋ ನನಗೆ ಗೊತ್ತಿಲ್ಲ, ಆದರೆ ಕಾರು ಇನ್ನೂ ಅದನ್ನೇ ಒಡೆಯ ಅಂತ ನಂಬಿಕೊಂಡು ಕೂತಿತ್ತು. ಹೊಸ ಕೀ ಮಾಡಿಸುವುದು ಅರ್ಧ ಕೆಲಸ ಅಷ್ಟೇ ಅಂತ ಅರ್ಥವಾದದ್ದು ಆ ಗಳಿಗೆಯಲ್ಲಿ. ಹಳೆಯದನ್ನು ಅಳಿಸಿದರು. ಪರದೆ ಮೇಲೆ 0 ಬಂತು. ಹೊಸ ಕೀಗಳನ್ನು ಒಂದಾದ ಮೇಲೊಂದು ಹಾಕಿ ತಿರುಗಿಸಿದೆ. 1. 2. ಇಂಜಿನ್ ನಿಂತೀತು ಅಂತ ಭಯಪಟ್ಟು ಕಾದೆ. ಓಡುತ್ತಲೇ ಇತ್ತು.

ರಿಮೋಟ್ ಬಗ್ಗೆ ಒಂದು ಮಾತು. ಬಾಗಿಲು ತೆಗೆಯುವ ಬಟನ್ ಮತ್ತು ಚಿಪ್ ಒಂದೇ ಪ್ಲಾಸ್ಟಿಕ್‌ನೊಳಗಿದ್ದರೂ ಎಷ್ಟೋ ಕಾರುಗಳಲ್ಲಿ ಬೇರೆ ಬೇರೆ. ಬಟನ್‌ಗೆ ಬ್ಯಾಟರಿ ಬೇಕು. ಒತ್ತಿದಾಗಲೆಲ್ಲ ಅದರ ಕೋಡ್ ಬದಲಾಗುತ್ತದೆ, ಹಾಗಾಗಿ ಹಿಂದಿನದನ್ನು ರೆಕಾರ್ಡ್ ಮಾಡಿಕೊಂಡವನಿಗೆ ಅದರಿಂದ ಉಪಯೋಗವಿಲ್ಲ. ಹಳೆಯ ಕೀ ಅಳಿಸುವಾಗ ಚಿಪ್, ರಿಮೋಟ್ ಎರಡನ್ನೂ ಅಳಿಸಿ ಅಂತ ಬಾಯಿಬಿಟ್ಟು ಕೇಳಿ. ಇನ್ನೊಂದು, ಒಡೆದ ಕೀಗೆ ಹೊಸ ಕವಚ ಹಾಕುವವರು ಹಳೆಯ ಕವಚ ಎಸೆಯುವ ಮೊದಲು ಒಳಗೆ ಅಂಟಿಕೊಂಡ ಕಪ್ಪು ತುಂಡು ಇದೆಯಾ ನೋಡಿ. ಅದೇ ಚಿಪ್.

ನನ್ನ ತಂಗಿಯ ಕಾರು ಬಟನ್ ಸ್ಟಾರ್ಟ್. ಅವಳ ಕೀ ಬ್ಯಾಟರಿ ಮುಗಿದಾಗ ಗಾಬರಿಯಿಂದ ಫೋನ್ ಮಾಡಿದ್ದಳು. ಒಳಗಿನ ಲೋಹದ ಕೀ ಎಳೆದು ಬಾಗಿಲು ತೆಗೆ, ಪ್ಲಾಸ್ಟಿಕ್ ಕೀಯನ್ನು ಸ್ಟಾರ್ಟ್ ಬಟನ್‌ಗೇ ತಾಗಿಸಿ ಒತ್ತು ಅಂದೆ. ಸ್ಟಾರ್ಟ್ ಆಯಿತು. ಅಲ್ಲೂ ಬ್ಯಾಟರಿ ಬೇಡದ ಚಿಪ್ ಇದೆ. ಆದರೆ ಅಂಥ ಕಾರಿಗೆ ಬೇರೆ ಅಪಾಯವಿದೆ. ಮನೆಯೊಳಗಿನ ಕೀಯ ಸಂಕೇತವನ್ನು ಒಬ್ಬ ಹಿಡಿದು ಕಾರಿನ ಪಕ್ಕ ನಿಂತ ಇನ್ನೊಬ್ಬನಿಗೆ ದಾಟಿಸಿದರೆ, ಕೀ ಹತ್ತಿರವೇ ಇದೆ ಅಂತ ಕಾರು ನಂಬಿಬಿಡುತ್ತದೆ. 2011ರಲ್ಲಿ ಜ್ಯೂರಿಕ್‌ನ ಸಂಶೋಧಕರು 8 ಕಂಪನಿಗಳ 10 ಮಾದರಿಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಅವಳ ಕೀ ಈಗ ಅಲೆ ತಡೆಯುವ ಚೀಲದಲ್ಲಿ ಮಲಗುತ್ತದೆ.

ಎರಡು ತಿಂಗಳ ನಂತರ ಜಾಕೆಟ್ ಒಗೆಯಲು ತೆಗೆದೆ. ಕೆಳ ಅಂಚಿನಲ್ಲಿ ಏನೋ ಗಟ್ಟಿ. ಜೇಬಿನ ಮೂಲೆಯ ಹೊಲಿಗೆ ಬಿಟ್ಟು ಹಳೆಯ ಕೀ ಅಸ್ತರಿನೊಳಗೆ ಇಳಿದಿತ್ತು.

ತಕ್ಷಣ ಕೆಳಗೆ ಓಡಿದೆ. ಬಟನ್ ಒತ್ತಿದೆ, ಕಾರು ಉಸಿರೆತ್ತಲಿಲ್ಲ. ಲೋಹವನ್ನು ಬಾಗಿಲಿಗೆ ಹಾಕಿ ತಿರುಗಿಸಿದೆ, ಬಾಗಿಲು ತೆಗೆಯಿತು. ಬೀಗ ಅದೇ, ಹಲ್ಲು ಅದೇ. ಅಂದರೆ ಯಾರಿಗಾದರೂ ಸಿಕ್ಕಿದ್ದರೆ ಒಳಗಿನ ಸಾಮಾನು ಹೋಗುತ್ತಿತ್ತು. ಅದನ್ನೂ ತಪ್ಪಿಸಬೇಕಿದ್ದರೆ ಬೀಗಗಳನ್ನೇ ಬದಲಿಸಬೇಕಿತ್ತು. ಕೂತು ಇಗ್ನಿಷನ್ ತಿರುಗಿಸಿದೆ. ಒಂದು, ಎರಡು, ಆಫ್. ಅದೇ ದೀಪ ಪಟಪಟ.

ಮುಂದಿನ ವಾರ ಮೂರೂ ಕೀ ತೆಗೆದುಕೊಂಡು ಅದೇ ಕೀ ಮಾಡುವವರ ಹತ್ತಿರ ಹೋದೆ. ಹಳೆಯದನ್ನು ಮತ್ತೆ ಸೇರಿಸಿದರು, ಪರದೆ ಮೇಲೆ 3 ಬಂತು. ಅದು ಈಗ ತಂಗಿಯ ಮನೆಯಲ್ಲಿದೆ.