ಉಡುಪಿಯ ಮನೆಗಳಿಗೆ ಸೋಲಾರ್ ಹಾಕುತ್ತಾ ಕಂಡದ್ದು

ಉಡುಪಿ, ಮಣಿಪಾಲ, ಬ್ರಹ್ಮಾವರದ ಸುತ್ತಮುತ್ತಲಿನ ಮನೆಗಳಿಗೆ ಸೋಲಾರ್ ವಿದ್ಯುತ್ ಘಟಕ ಅಳವಡಿಸುವುದು ನನ್ನ ವೃತ್ತಿ. ಗಿರಾಕಿಯ ಮನೆಗೆ ಹೋದಾಗ ನಾನು ಮೊದಲು ಕೇಳುವುದು ಹಿಂದಿನ ಒಂದು ವರ್ಷದ ಮೆಸ್ಕಾಂ (ನಮ್ಮ ಭಾಗದ ವಿದ್ಯುತ್ ಕಂಪನಿ) ಬಿಲ್ಲುಗಳನ್ನು. ಮಾಡು (ಚಾವಣಿ) ಹತ್ತಿ ನೋಡುವುದು ಆಮೇಲೆ. ಎಷ್ಟು ಕಿಲೋವ್ಯಾಟ್ ಹಾಕಬೇಕು, ಯಾವ ಪ್ಯಾನೆಲ್ ತರಿಸಬೇಕು ಎಂಬುದನ್ನು ನಮ್ಮೂರಿನ ಬಿಸಿಲಿಗಿಂತ ಹೆಚ್ಚಾಗಿ ನಿರ್ಧರಿಸುವುದು ಬೆಂಗಳೂರು ಮತ್ತು ದೆಹಲಿಯಿಂದ ಹೊರಡುವ ಆದೇಶಗಳು.

2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಬ್ಸಿಡಿ ಪಡೆಯದ ಚಾವಣಿ ಘಟಕದಿಂದ ವಿದ್ಯುತ್ ಕಂಪನಿ ಕೊಳ್ಳುವ ವಿದ್ಯುತ್ತಿಗೆ ಯೂನಿಟ್‌ಗೆ 9.56 ರೂಪಾಯಿ ದರ ಗೊತ್ತುಮಾಡಿತ್ತು. ಸಬ್ಸಿಡಿ ಪಡೆದಿದ್ದರೆ 7.20. ಆಗ ಮನೆಯ ಬಳಕೆ ಎಷ್ಟೆಂದು ಯಾರೂ ಕೇಳುತ್ತಿರಲಿಲ್ಲ, ಮಾಡಿನಲ್ಲಿ ಎಷ್ಟು ಜಾಗವಿದೆ ಎಂದಷ್ಟೇ ಕೇಳುತ್ತಿದ್ದರು. 2016ರಲ್ಲಿ ದರ ಇಳಿದ ಮೇಲೆ ಆ ಉಮೇದು ಇಳಿಯಿತು, ಬಿಲ್ಲಿಗೆ ಹೊಂದುವಷ್ಟು ಮಾತ್ರ ಹಾಕುವ ರೂಢಿ ಬಂತು.

ಈಗಿನ ಗಿರಾಕಿ ಯಾರು ಎಂಬುದನ್ನು ತೀರ್ಮಾನಿಸಿರುವುದು 2023ರ ಗೃಹಜ್ಯೋತಿ, ಅಂದರೆ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಯೋಜನೆ. 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಒಟ್ಟು 200 ಯೂನಿಟ್ ಮೀರದಂತೆ ಉಚಿತ. 200 ದಾಟಿದ ತಿಂಗಳು ಪೂರ್ತಿ ಬಿಲ್. ಹೀಗಾಗಿ ತಿಂಗಳಿಗೆ 150 ಯೂನಿಟ್‌ನೊಳಗೆ ಬದುಕುವ ಕುಟುಂಬಕ್ಕೆ ಸೋಲಾರ್‌ನಿಂದ ಉಳಿಸಲು ಹಣವೇ ಇಲ್ಲ, ಅವರಿಗೆ ನಾನು ಹಾಗೆಂದೇ ಹೇಳಿ ಬರುತ್ತೇನೆ. ಎಸಿ ಇರುವ, ಏಪ್ರಿಲ್–ಮೇ ಸೆಕೆಗೆ 300–400 ಯೂನಿಟ್ ಮುಟ್ಟುವ ಮನೆಗಳು ನನ್ನ ಪಾಲಿಗೆ ಉಳಿದವು. ಅದರ ಮರುವರ್ಷ, 2024ರ ಏಪ್ರಿಲ್‌ನಿಂದ, ನೂರು ಯೂನಿಟ್ ಮೀರಿದ ಮನೆಗಳಿಗೆ ಯೂನಿಟ್‌ಗೆ 7 ರೂಪಾಯಿ ಇದ್ದ ವಿದ್ಯುತ್ ದರ ಎಲ್ಲ ಮನೆಗಳಿಗೂ 5.90 ಆಯಿತು. ಮೂರು ಕಿಲೋವ್ಯಾಟ್ ಘಟಕ ಸರಾಸರಿ ದಿನಕ್ಕೆ 12 ಯೂನಿಟ್, ತಿಂಗಳಿಗೆ 360 ಯೂನಿಟ್ ಕೊಡುತ್ತದೆ ಎಂದಿಟ್ಟುಕೊಂಡರೆ (ಆಷಾಢದ ಮಳೆಯಲ್ಲಿ ಅದರ ಅರ್ಧ ಬಂದರೂ ಪುಣ್ಯ) ತಿಂಗಳ ಉಳಿತಾಯದಲ್ಲಿ ಸುಮಾರು 400 ರೂಪಾಯಿ ಕಡಿಮೆಯಾಯಿತು. ಗ್ರಾಹಕನ ಮಟ್ಟಿಗೆ ಅದು ಒಳ್ಳೆಯ ಸುದ್ದಿ. ನನ್ನ ಲೆಕ್ಕದ ಹಾಳೆಯಲ್ಲಿ ಮಾತ್ರ ಅಸಲು ಹುಟ್ಟುವ ವರ್ಷ ಮುಂದಕ್ಕೆ ಹೋಯಿತು.

ಹಾಗಿದ್ದೂ ಕೆಲಸ ಹೆಚ್ಚಿದ್ದು 2024ರ ಫೆಬ್ರುವರಿಯಲ್ಲಿ ಆರಂಭವಾದ, ಮನೆಯ ಸೋಲಾರ್‌ಗೆ ಕೇಂದ್ರ ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆಯಿಂದ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅದರ ಮೇಲೆ ಎಷ್ಟು ಹಾಕಿದರೂ ಸಬ್ಸಿಡಿ ಅಷ್ಟೇ. ಹಾಗಾಗಿ ಎರಡು ಸಾಕಾಗುವವರೂ ಮೂರು ಎನ್ನುತ್ತಾರೆ, ಐದು ಬೇಕಾದವರೂ ಮೂರಕ್ಕೇ ನಿಲ್ಲುತ್ತಾರೆ. ಅದೇ ತಿಂಗಳು ಕೇಂದ್ರದ ನಿಯಮ ತಿದ್ದುಪಡಿಯಾಗಿ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಕಾರ್ಯಸಾಧ್ಯತೆಯ (ಘಟಕವನ್ನು ಲೈನಿಗೆ ಜೋಡಿಸಬಹುದೇ ಎಂಬ) ಪರಿಶೀಲನೆಯೂ ತಪ್ಪಿತು. ನನ್ನ ದೃಷ್ಟಿಯಲ್ಲಿ ಸಬ್ಸಿಡಿಯಷ್ಟೇ ಕೆಲಸ ಮಾಡಿದ್ದು ಈ ಸಣ್ಣ ತಿದ್ದುಪಡಿ, ಆದರೆ ಅದರ ಬಗ್ಗೆ ಮಾತನಾಡುವವರು ಕಡಿಮೆ.

ಸಬ್ಸಿಡಿಗೆ ಇನ್ನೊಂದು ಷರತ್ತಿದೆ: ಪ್ಯಾನೆಲ್ ಮಾತ್ರವಲ್ಲ, ಅದರೊಳಗೆ ಬಿಸಿಲನ್ನು ವಿದ್ಯುತ್ತಾಗಿಸುವ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. 2022ರ ಏಪ್ರಿಲ್‌ನಿಂದ ಆಮದು ಪ್ಯಾನೆಲ್‌ಗೆ ಶೇ. 40, ಸೆಲ್‌ಗೆ ಶೇ. 25 ಸುಂಕ ಹಾಕಿದ್ದರೂ, ಹೊರಗಿನ ಸೆಲ್ ತಂದು ಇಲ್ಲಿ ಜೋಡಿಸಿದ ಪ್ಯಾನೆಲ್ ನನಗೆ ಅಗ್ಗಕ್ಕೇ ಸಿಗುತ್ತಿತ್ತು, ಅಷ್ಟೇ ಜಾಗದಲ್ಲಿ ಹೆಚ್ಚು ವ್ಯಾಟ್ ಕೊಡುತ್ತಿತ್ತು. ದೇಶಿ ಸೆಲ್‌ನ ಪ್ಯಾನೆಲ್ ದುಬಾರಿ, ಅದರ ಸರಬರಾಜೂ ಆಗಾಗ ನಿಂತುಹೋಗುತ್ತಿತ್ತು. ಕಾರ್ಖಾನೆಗಳು ಇಲ್ಲೇ ಬೆಳೆಯಬೇಕೆಂಬ ನೀತಿಗೆ ನನ್ನ ತಕರಾರಿಲ್ಲ. ಅವು ಬೆಳೆಯುವ ತನಕದ ವ್ಯತ್ಯಾಸವನ್ನು ಮನೆಯವರ ಸಬ್ಸಿಡಿಯೇ ಭರಿಸಿತು ಎಂಬುದನ್ನು ಮಾತ್ರ ಬಿಲ್ ಬರೆಯುವವನಾಗಿ ಕಂಡಿದ್ದೇನೆ.

ಕಿಲೋವ್ಯಾಟ್ ಲೆಕ್ಕದ ಸಬ್ಸಿಡಿಗೆ ಬಳ್ಳಾರಿಯೂ ಒಂದೇ, ಮಲ್ಪೆಯೂ ಒಂದೇ. ಆದರೆ ಇಲ್ಲಿ ತಾರಸಿಯ ಮೇಲೆ ಮಳೆಗೆಂದು ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸಿರುತ್ತಾರೆ. ಪ್ಯಾನೆಲ್ ಕೂರಬೇಕಾದದ್ದು ಆ ಶೀಟಿನ ಮೇಲೆ. ಪ್ರತಿ ಸ್ಕ್ರೂ ರಂಧ್ರಕ್ಕೂ ರಬ್ಬರ್ ಪಟ್ಟಿ, ಸೀಲೆಂಟ್ ಬೇಕು, ಇಲ್ಲವಾದರೆ ಮೊದಲ ಮಳೆಗೇ ಸೋರುತ್ತದೆ. ಕಡಲಿನ ಉಪ್ಪುಗಾಳಿಗೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣ, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಇರಲೇಬೇಕು. ಬರೀ ಬಣ್ಣ ಬಳಿದ ಪೈಪು ಕಡಲತಡಿಯಲ್ಲಿ ಬೇಗ ಜಂಗು ಹಿಡಿದು ಪದರು ಪದರಾಗಿ ಏಳುತ್ತದೆ. ಗಿರಾಕಿ ನಾಲ್ಕೈದು ಕೊಟೇಶನ್ ಪಕ್ಕಪಕ್ಕ ಇಟ್ಟು ನೋಡುವಾಗ ಪ್ಯಾನೆಲ್ ಎಲ್ಲರದ್ದೂ ಒಂದೇ ಥರ, ಬೆಲೆ ಇಳಿಸಲು ಉಳಿಯುವುದು ಕಬ್ಬಿಣ ಒಂದೇ. ಕಿಲೋವ್ಯಾಟ್‌ಗೆ ಹಣ ಕೊಡುವ ನೀತಿ ಕಬ್ಬಿಣವನ್ನು ತೆಳ್ಳಗೆ ಮಾಡುತ್ತದೆ. ನನ್ನ ಕೊಟೇಶನ್‌ನಲ್ಲಿ ಚೌಕಟ್ಟಿನ ದಪ್ಪ, ತೂಕ ಎರಡನ್ನೂ ಬರೆಯುತ್ತೇನೆ. ಕೆಲವು ಕೆಲಸ ಇದರಿಂದಲೇ ಕೈತಪ್ಪಿವೆ.

ಜೂನ್‌ನಲ್ಲಿ ತಂತಿಯ ಮೇಲೆ ಮರ ಬಿದ್ದಾಗ ಬರುವ ಫೋನುಗಳಲ್ಲಿ ಪ್ರಶ್ನೆ ಒಂದೇ: "ಎಂತ ಮಾರಾಯ್ರೆ, ಸೋಲಾರ್ ಹಾಕಿಯೂ ಕರೆಂಟ್ ಇಲ್ಲವಾ?" ಲೈನ್‌ನಲ್ಲಿ ವಿದ್ಯುತ್ ನಿಂತ ಕೂಡಲೇ ಪ್ಯಾನೆಲ್‌ನ ವಿದ್ಯುತ್ತನ್ನು ಮನೆಬಳಕೆಗೆ ಬದಲಿಸುವ ಇನ್ವರ್ಟರ್ ತಾನಾಗಿ ಬಂದ್ ಆಗಬೇಕೆಂಬುದು ನಿಯಮ, ಇಲ್ಲವಾದರೆ ಸೋಲಾರ್ ವಿದ್ಯುತ್ ಲೈನಿಗೆ ಹರಿದು ಕಂಬ ಹತ್ತಿದ ಲೈನ್‌ಮ್ಯಾನ್‌ನ ಜೀವಕ್ಕೆ ಅಪಾಯ. ಕತ್ತಲೆಗೂ ಬೆಳಕು ಬೇಕೆಂದರೆ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಬೇಕು, ಆದರೆ ಸಬ್ಸಿಡಿಯ ಲೆಕ್ಕದಲ್ಲಿ ಬ್ಯಾಟರಿಗೆ ಜಾಗವಿಲ್ಲ. ಇದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಹೇಳಿಬಿಡುತ್ತೇನೆ.

2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಶೇ. 70 ಸಾಮಗ್ರಿ, ಶೇ. 30 ಸೇವೆ ಎಂಬ ಲೆಕ್ಕದಲ್ಲಿ, ಸೇವೆಗೆ ಶೇ. 18 ಹಾಗೆಯೇ ಉಳಿದದ್ದರಿಂದ, ಒಟ್ಟು ಹೊರೆ 13.8ರಿಂದ 8.9ಕ್ಕೆ ಬಂತು. ಸುದ್ದಿ ಹೊರಬಿದ್ದ ದಿನದಿಂದ ಹೊಸ ದರ ಜಾರಿಗೆ ಬರುವ ತನಕ ಯಾರೂ ಬಿಲ್ ಮಾಡಿಸಲಿಲ್ಲ, ಕೆಲಸದ ಹುಡುಗರಿಗೆ ಸಂಬಳ ಮಾತ್ರ ಕೊಡಬೇಕಾಗಿತ್ತು. ಅಂದಿನಿಂದ ಕೊಟೇಶನ್‌ನಲ್ಲಿ ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿ, ಬಿಲ್ ಆಗುವ ದಿನದ ದರವೇ ಅನ್ವಯ ಎಂದು ಬರೆಯುತ್ತೇನೆ, ಪ್ಯಾನೆಲ್ ಬೆಲೆಗೆ ಹದಿನೈದು ದಿನದ ಅವಧಿ ಮಾತ್ರ ಕೊಡುತ್ತೇನೆ.